ದೊಡ್ಡವರಿಗೆ ಸುಲಭದ ಇಂಗ್ಲಿಷ್ ಪುಸ್ತಕ ಹುಡುಕುವುದು ಹೇಗೆ?

“ಮಗಳು ಕನ್ನಡ ಮೀಡಿಯಂನಲ್ಲಿ ಓದಿ ಈಗ ಪಿಯುಸಿ ಸೈನ್ಸ್ ಸೇರಿದ್ದಾಳೆ. ಇಂಗ್ಲಿಷ್ ಪುಸ್ತಕ ಕಂಡರೆ ಹೆದರುತ್ತಾಳೆ. ಏನು ಕೊಡಿಸಲಿ?” “ನಮ್ಮ ಯಜಮಾನರು ಕ್ಯಾಬ್ ಓಡಿಸುತ್ತಾರೆ. ಏರ್‌ಪೋರ್ಟಿನಲ್ಲಿ ಕಾಯುವ ಹೊತ್ತಿನಲ್ಲಿ ಇಂಗ್ಲಿಷ್ ಓದಬೇಕು ಅಂತಾರೆ.” “ಅಮ್ಮ ರಿಟೈರ್ ಆದರು. ಮೊಮ್ಮಗಳ ಥರ ತಾನೂ ಇಂಗ್ಲಿಷ್ ಪುಸ್ತಕ ಓದಬೇಕು ಅಂತ ಆಸೆ.”

ಓದುಗರಿಂದ ಇಂಥ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಕೇಳುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಆಗಲೇ ಒಂದು ಪುಸ್ತಕ ಬಂದಿರುತ್ತದೆ. ಹತ್ತನೇ ಪುಟ ದಾಟಿರುವುದಿಲ್ಲ.

ಹಾಗೆ ನಿಲ್ಲುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಭಾಷೆ ಕಷ್ಟ. ಇನ್ನೊಂದರ ಬಗ್ಗೆ ಯಾರೂ ಮಾತಾಡುವುದಿಲ್ಲ: ಭಾಷೆ ಸುಲಭವೇ, ಆದರೆ ಕತೆ ಪುಟ್ಟ ಮಕ್ಕಳದ್ದು. ನಲವತ್ತು ದಾಟಿದವರ ಕೈಗೆ ಬಲೂನ್ ಕಳೆದುಕೊಂಡ ಮೊಲದ ಕತೆ ಕೊಟ್ಟರೆ ಅವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಸುಮ್ನೆ ಮುಚ್ಚಿಡುತ್ತಾರೆ. ಅವಮಾನ ಆಗುತ್ತದೆ, ಅಲ್ವಾ? ನಮಗೆ ಬೇಕಾದ ಪುಸ್ತಕದಲ್ಲಿ ವಿಷಯ ಓದುವವರ ವಯಸ್ಸಿಗೆ ತಕ್ಕಂತೆ ಇರಬೇಕು, ಭಾಷೆ ಅವರ ಇಂಗ್ಲಿಷಿಗೆ ತಕ್ಕಂತೆ ಇರಬೇಕು. ಇಂಥವಕ್ಕೆ ಪ್ರಕಾಶಕರು ‘ಹೈ-ಲೋ’ ಪುಸ್ತಕ ಅನ್ನುತ್ತಾರೆ. ಆಸಕ್ತಿ ಹೆಚ್ಚು, ಓದುವ ಕಷ್ಟ ಕಡಿಮೆ ಅಂತ ಅರ್ಥ. ಬೆಂಗಳೂರಿನಲ್ಲಿ ಇವು ಸಿಗುತ್ತವೆ. ಎಲ್ಲಿ ಹುಡುಕಬೇಕು ಅಂತ ಗೊತ್ತಿರಬೇಕು ಅಷ್ಟೇ.

ಬೇಕಾಗುವ ಸಾಮಾನು ಇಷ್ಟು: ಒಂದು ಪೆನ್ಸಿಲ್, ಇಯರ್‌ಫೋನ್ ಇರುವ ಮೊಬೈಲ್, ಅರ್ಧ ದಿನ ಬಿಡುವು. ಮತ್ತೆ, ಓದುವವರೇ ನಿಮ್ಮ ಜೊತೆಗಿರಬೇಕು. ಸರ್‌ಪ್ರೈಸ್ ಗಿಫ್ಟ್ ಕೊಡುವ ಯೋಚನೆ ಬಿಡಿ.

1. ಮೊದಲು ಕನ್ನಡ ಓದುವುದನ್ನು ನೋಡಿ

ಕನ್ನಡ ಪೇಪರನ್ನು ಅವರು ಸರಾಗವಾಗಿ ಓದುತ್ತಾರಾ? ಓದುತ್ತಾರೆ ಅಂದರೆ ಓದುವ ಅಭ್ಯಾಸ ಇದೆ, ಇಂಗ್ಲಿಷ್ ಮಾತ್ರ ಹೊಸದು. ಈ ಲೇಖನ ಅಂಥವರಿಗೇ. ಕನ್ನಡವನ್ನೂ ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರೆ, ಮೊದಲು ಕೆಲವು ತಿಂಗಳು ಕನ್ನಡದಲ್ಲೇ ಇಷ್ಟದ ಪುಸ್ತಕ ಓದಲಿ. ಎರಡನ್ನೂ ಒಟ್ಟಿಗೆ ಹೇರಿದರೆ ಎರಡೂ ಕೆಡುತ್ತವೆ. ಹೈಸ್ಕೂಲ್ ವಯಸ್ಸಿನ ಮಗು ಎರಡೂ ಭಾಷೆಯಲ್ಲಿ ಅಕ್ಷರ ಅದಲು ಬದಲು ಮಾಡುತ್ತಾ, ಸಾಲು ತಪ್ಪುತ್ತಾ ಇದ್ದರೆ ಅದು ಕಲಿಕಾ ನ್ಯೂನತೆಯ ಲಕ್ಷಣ ಇರಬಹುದು. ಅದರ ಪರೀಕ್ಷೆ ನಿಮ್ಹಾನ್ಸ್‌ನಲ್ಲಿ ಮಾಡುತ್ತಾರೆ. ಅಲ್ಲಿಗೆ ಹೋಗಿ ಬಂದಮೇಲೆ ಪುಸ್ತಕದ ವಿಚಾರ.

ನಲವತ್ತು ದಾಟಿದವರಾದರೆ ಕಣ್ಣನ್ನೂ ಒಮ್ಮೆ ತೋರಿಸಿ. ಆ ವಯಸ್ಸಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಪರಿಚಯದ ಕನ್ನಡವನ್ನು ಅಂದಾಜಿನಲ್ಲಿ ಓದಿಕೊಂಡುಬಿಡುತ್ತಾರೆ, ಇಂಗ್ಲಿಷಿನಲ್ಲಿ ಅಂದಾಜು ನಡೆಯುವುದಿಲ್ಲ. “ಇಂಗ್ಲಿಷ್ ತಲೆಗೆ ಹತ್ತಲ್ಲ” ಅನ್ನುವವರಿಗೆ ಬೇಕಿರುವುದು ಕನ್ನಡಕ ಮಾತ್ರ ಆಗಿರಬಹುದು.

2. “ಯಾವ ಪುಸ್ತಕ ಇಷ್ಟ?” ಅಂತ ಕೇಳಬೇಡಿ

ಪುಸ್ತಕ ಓದದವರನ್ನು ಪುಸ್ತಕದ ಬಗ್ಗೆ ಕೇಳಿದರೆ ಏನು ಹೇಳುತ್ತಾರೆ ಪಾಪ? “ಯಾವುದಾದರೂ ಪರವಾಗಿಲ್ಲ” ಅನ್ನುತ್ತಾರೆ. ಅದರ ಬದಲು ಯೂಟ್ಯೂಬಿನಲ್ಲಿ ಏನು ನೋಡುತ್ತಾರೆ ಕೇಳಿ. ಕ್ರೈಂ ಕತೆಯೋ, ದೆವ್ವದ ಕತೆಯೋ, ಕ್ರಿಕೆಟ್ಟೋ, ಅಡುಗೆಯೋ, ಬಾಹ್ಯಾಕಾಶವೋ? ಬಸ್ಸಿನಲ್ಲಿ ಪಕ್ಕದವರ ಜೊತೆ ಯಾವ ವಿಷಯ ಬಂದರೆ ಮಾತು ನಿಲ್ಲಿಸುವುದಿಲ್ಲ? ಉತ್ತರ ಅಲ್ಲೇ ಇರುತ್ತದೆ.

ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಎಂದರೆ ‘ಒಳ್ಳೆಯದಾಗಲಿ’ ಅಂತ ಪುಸ್ತಕ ಆರಿಸುವುದು. ಯಶಸ್ಸಿನ ಗುಟ್ಟು, ವ್ಯಕ್ತಿತ್ವ ವಿಕಸನ, ಮಹಾಪುರುಷರ ಜೀವನ. ಹೊಸ ಭಾಷೆಯಲ್ಲಿ ಉಪದೇಶ ಓದುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಕೊಲೆ ಯಾರು ಮಾಡಿದರು ಅಂತ ಗೊತ್ತಾಗಬೇಕಿದ್ದರೆ ಮಾತ್ರ ಜನ ಪುಟ ತಿರುಗಿಸುತ್ತಾರೆ. ಹದಿನಾರರ ಹುಡುಗಿ ದೆವ್ವದ ಕತೆ ಬೇಕು ಅಂದರೆ ದೆವ್ವದ ಕತೆಯನ್ನೇ ಕೊಡಿ.

3. ಮಟ್ಟ ಅಳೆಯಿರಿ

ಕೈಗೆ ಸಿಕ್ಕ ಯಾವುದಾದರೂ ಸುಲಭದ ಇಂಗ್ಲಿಷ್ ಪುಸ್ತಕ ತೆಗೆದುಕೊಳ್ಳಿ. ಮೊದಲ ಪುಟ ಬೇಡ, ಮಧ್ಯದ ಪುಟ ತೆರೆಯಿರಿ. ಸುಮಾರು 100 ಪದ ಇರುವ ಭಾಗ ಗುರುತು ಮಾಡಿ. ಓದುವವರು ಮನಸ್ಸಿನಲ್ಲೇ ಓದಿಕೊಂಡು, ಅರ್ಥ ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಿನಲ್ಲಿ ಚುಕ್ಕೆ ಇಡಲಿ. ದಯವಿಟ್ಟು ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ. ಸ್ಕೂಲಿನಲ್ಲಿ ಎದ್ದು ನಿಲ್ಲಿಸಿ ಓದಿಸಿದ ನೆನಪು ಎಲ್ಲರಿಗೂ ಸಿಹಿಯಾಗಿರುವುದಿಲ್ಲ.

ಆಮೇಲೆ ಚುಕ್ಕೆ ಎಣಿಸಿ. 0ರಿಂದ 2 ಇದ್ದರೆ ಆ ಪುಸ್ತಕವನ್ನು ಒಬ್ಬರೇ ಕೂತು ಓದಬಹುದು. 3ರಿಂದ 5 ಇದ್ದರೆ ಪಕ್ಕದಲ್ಲಿ ಯಾರಾದರೂ ಬೇಕು. 5ಕ್ಕಿಂತ ಜಾಸ್ತಿ ಇದ್ದರೆ ಆ ಪುಸ್ತಕ ಸದ್ಯಕ್ಕೆ ಬೇಡ. ನಿಘಂಟು ಇಲ್ಲದೆ ಆರಾಮಾಗಿ ಓದಲು ನೂರಕ್ಕೆ 98 ಪದ ಗೊತ್ತಿರಬೇಕು ಅನ್ನುವುದು ಭಾಷಾ ಕಲಿಕೆಯ ಸಂಶೋಧಕರು ಸಾಮಾನ್ಯವಾಗಿ ಒಪ್ಪುವ ಲೆಕ್ಕ. ಅಂದರೆ 50 ಪದಕ್ಕೆ ಒಂದು ಹೊಸ ಪದ. ನೂರಕ್ಕೆ ತೊಂಬತ್ತು ಗೊತ್ತಿದ್ದರೆ ಸಾಲದೇ ಅಂತ ಅನಿಸಬಹುದು. ಸಾಲದು. ಹತ್ತು ಪದಕ್ಕೊಮ್ಮೆ ಎಡವಿದರೆ ಪ್ರತಿ ವಾಕ್ಯದಲ್ಲೂ ಎಡವಿದಂತೆಯೇ.

ಈ ಲೆಕ್ಕದಲ್ಲಿ ಒಂದು ಮೋಸ ಇದೆ. ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ಪದಗಳು ಸೇರಿ ಬೇರೆಯೇ ಅರ್ಥ ಕೊಡುತ್ತವೆ. ‘ಗಿವ್’ ಗೊತ್ತು, ‘ಅಪ್’ ಗೊತ್ತು. ‘ಗಿವ್ ಅಪ್’ ಅಂದರೆ ಕೈಬಿಡುವುದು ಅಂತ ಗೊತ್ತಿಲ್ಲ. ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೊಳ್ಳುವುದು, ಮೂರು ಪದದಲ್ಲಿ ಯಾವುದಕ್ಕೂ ಚುಕ್ಕೆ ಬಿದ್ದಿರುವುದಿಲ್ಲ. ಅದಕ್ಕೇ ಎಣಿಸಿದ ಮೇಲೆ “ಏನಾಯ್ತು ಇಲ್ಲಿ?” ಅಂತ ಕನ್ನಡದಲ್ಲೇ ಕೇಳಿ. ಕನ್ನಡದಲ್ಲಿ ಹೇಳಲು ಬಂದರೆ ಅರ್ಥವಾಗಿದೆ. ಚುಕ್ಕೆ ಒಂದೂ ಇಲ್ಲ, ಆದರೂ ಏನಾಯಿತು ಹೇಳಲು ಬರುತ್ತಿಲ್ಲ ಅಂದರೆ ಇನ್ನೂ ಕೆಳಗಿನ ಮಟ್ಟಕ್ಕೆ ಇಳಿಯಿರಿ.

4. ಯಾವ ಬಗೆಯ ಪುಸ್ತಕ?

ಇದೇ ಮುಖ್ಯ ಘಟ್ಟ, ಸ್ವಲ್ಪ ನಿಧಾನವಾಗಿ ನೋಡೋಣ.

ನನ್ನ ಮೊದಲ ಆಯ್ಕೆ ಯಾವಾಗಲೂ ‘ಗ್ರೇಡೆಡ್ ರೀಡರ್’. ಇಂಗ್ಲಿಷ್ ಮನೆಮಾತಲ್ಲದವರಿಗಾಗಿ, ಇಂತಿಷ್ಟೇ ಪದಗಳ ಒಳಗೆ ಬರೆದ ಕತೆ ಪುಸ್ತಕಗಳಿವು. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲೆಯನ್ನೇ ನೋಡಿ. ಸ್ಟಾರ್ಟರ್ ಮಟ್ಟದಲ್ಲಿ 250 ‘ಹೆಡ್‌ವರ್ಡ್’, ಸ್ಟೇಜ್ 1ರಲ್ಲಿ 400, 2ರಲ್ಲಿ 700, 3ರಲ್ಲಿ 1000, 4ರಲ್ಲಿ 1400, 5ರಲ್ಲಿ 1800, 6ರಲ್ಲಿ 2500. ಹೆಡ್‌ವರ್ಡ್ ಅಂದರೆ ಮೂಲ ಪದ. ‘ರನ್’, ‘ರನ್ಸ್’, ‘ರನ್ನಿಂಗ್’ ಮೂರೂ ಸೇರಿ ಒಂದೇ ಲೆಕ್ಕ. ಪತ್ತೇದಾರಿ, ಭಯಾನಕ, ಸಾಹಸ, ನಿಜ ಜೀವನದ ಕತೆ ಎಲ್ಲ ಇವೆ. ಕತೆ ಬೇಡ ಅನ್ನುವವರಿಗೆ ಇದೇ ಮಾಲೆಯಲ್ಲಿ ‘ಫ್ಯಾಕ್ಟ್‌ಫೈಲ್ಸ್’ ಅಂತ ಮಾಹಿತಿ ಪುಸ್ತಕಗಳೂ ಇವೆ. ತೆಳ್ಳಗಿರುತ್ತವೆ, ಜೇಬಿಗೋ ವ್ಯಾನಿಟಿ ಬ್ಯಾಗಿಗೋ ಹಿಡಿಸುತ್ತವೆ. ಮುಖಪುಟ ನೋಡಿದವರಿಗೆ ಇದು ಕಲಿಯುವವರ ಪುಸ್ತಕ ಅಂತ ಅನಿಸುವುದೇ ಇಲ್ಲ. ಮೆಟ್ರೋದಲ್ಲಿ ಕೂತು ಓದಲು ಸಂಕೋಚವಿಲ್ಲ.

ಕೇಂಬ್ರಿಡ್ಜ್ ಇಂಗ್ಲಿಷ್ ರೀಡರ್ಸ್ ಕೂಡ ಚೆನ್ನಾಗಿವೆ. ಹಳೆಯ ದೊಡ್ಡ ಕಾದಂಬರಿಯನ್ನು ಹಿಂಡಿ ಚಿಕ್ಕದು ಮಾಡಿದ್ದಲ್ಲ, ಕಲಿಯುವ ದೊಡ್ಡವರಿಗಾಗಿಯೇ ಹೊಸದಾಗಿ ಬರೆಸಿದ ಕತೆಗಳು. ಆಫೀಸು, ಪ್ರೀತಿ, ವಂಚನೆ, ಕೊಲೆ ಎಲ್ಲ ಉಂಟು. ನನ್ನನ್ನು ಕೇಳಿದರೆ ಮನೆಯ ದೊಡ್ಡವರಿಗೆ ಇವೇ ಹೆಚ್ಚು ಒಗ್ಗುತ್ತವೆ.

ಆದರೆ ಒಂದು ಎಚ್ಚರ. ಒಬ್ಬ ಪ್ರಕಾಶಕರ ‘ಲೆವೆಲ್ 3’ ಇನ್ನೊಬ್ಬರ ‘ಲೆವೆಲ್ 3’ ಅಲ್ಲ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್‌ನಲ್ಲಿ ಅದು 1000 ಪದ, ಹಳೆಯ ಪೆಂಗ್ವಿನ್ ರೀಡರ್ಸ್‌ನಲ್ಲಿ 1200, ಕೇಂಬ್ರಿಡ್ಜ್‌ನಲ್ಲಿ 1300. ಲೆವೆಲ್ ನಂಬರ್ ನೋಡಬೇಡಿ. ಹೆಡ್‌ವರ್ಡ್ ಸಂಖ್ಯೆಯನ್ನು ಪುಸ್ತಕದ ಬೆನ್ನ ಮೇಲೋ ಮೊದಲ ಪುಟಗಳಲ್ಲೋ ಹಾಕಿರುತ್ತಾರೆ, ಅದನ್ನು ನೋಡಿ. ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಮುಗಿಸಿದವರಿಗೆ 400ರ ಮಟ್ಟದಿಂದ ಶುರು ಮಾಡಿಸಿ. “ಇದು ತೀರಾ ಸುಲಭ” ಅಂದರೆ ಒಳ್ಳೆಯದೇ ಆಯಿತು. ಒಂದು ಇಡೀ ಇಂಗ್ಲಿಷ್ ಪುಸ್ತಕವನ್ನು ಮೊದಲಿನಿಂದ ಕೊನೆವರೆಗೆ ಓದಿ ಮುಗಿಸಿದ್ದು ಅವರ ಜೀವನದಲ್ಲಿ ಅದೇ ಮೊದಲು ಇರಬಹುದು.

ಎರಡನೆಯದು, ದುಡ್ಡೇ ಬೇಡದ ದಾರಿ: ಸ್ಟೋರಿವೀವರ್. ಇದು ಬೆಂಗಳೂರಿನ ಪ್ರಥಮ್ ಬುಕ್ಸ್‌ನವರದು. ಆ ಸಂಸ್ಥೆ ಶುರುವಾದದ್ದು 2004ರಲ್ಲಿ, ಸ್ಟೋರಿವೀವರ್ ವೆಬ್‌ಸೈಟ್ 2015ರಲ್ಲಿ. ಒಂದೇ ಕತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ಪುಕ್ಕಟೆ ಓದಬಹುದು, ಮೊಬೈಲಿಗೆ ಇಳಿಸಿಕೊಳ್ಳಬಹುದು. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಓದುವುದು ಒಳ್ಳೆಯ ಉಪಾಯ. ಕತೆ ಆಗಲೇ ತಲೆಯಲ್ಲಿ ಇರುವುದರಿಂದ ಪದ ತಾನಾಗಿ ಅರ್ಥವಾಗುತ್ತದೆ. ಇಲ್ಲಿ ನಾಲ್ಕು ಲೆವೆಲ್ ಇವೆ. 1 ಮತ್ತು 2 ಪುಟಾಣಿಗಳದ್ದು, ದೊಡ್ಡವರಿಗೆ ತೋರಿಸಲೇಬೇಡಿ. 3 ಮತ್ತು 4ರಲ್ಲಿ ವಿಜ್ಞಾನ, ಪರಿಸರ, ಜೀವನಚರಿತ್ರೆಗಳನ್ನು ಹುಡುಕಿ. ಚಿತ್ರ ಇರುತ್ತವೆ, ಆದರೆ ವಿಷಯ ದೊಡ್ಡವರಿಗೂ ಹಿಡಿಸುವಂಥದ್ದು.

ಮೂರನೆಯದು ಕಾಮಿಕ್ಸ್. ಚಿತ್ರವೇ ಅರ್ಧ ಕತೆ ಹೇಳುವುದರಿಂದ ಸುಲಭ ಅಂತ ಎಲ್ಲರೂ ಇದನ್ನೇ ಹೇಳುತ್ತಾರೆ. ಅರ್ಧ ನಿಜ. 1967ರಲ್ಲಿ ಶುರುವಾದ ಅಮರ ಚಿತ್ರ ಕಥೆಯಲ್ಲಿ ರಾಮಾಯಣ, ಮಹಾಭಾರತ, ತೆನಾಲಿ ರಾಮ ಎಲ್ಲ ನಮಗೆ ಗೊತ್ತಿರುವ ಕತೆಗಳೇ. ಆದರೆ ಒಂದು ಸಂಚಿಕೆ ತೆರೆದು ಮಾತಿನ ಗುಳ್ಳೆಯೊಳಗೆ ನೋಡಿ. ಇಡೀ ಸಂಭಾಷಣೆ ದೊಡ್ಡಕ್ಷರದಲ್ಲಿ, ಅಂದರೆ ಕ್ಯಾಪಿಟಲ್ ಲೆಟರ್‌ಗಳಲ್ಲಿ ಇರುತ್ತದೆ. ಇಂಗ್ಲಿಷ್ ಓದುವ ಅಭ್ಯಾಸ ಕಡಿಮೆ ಇರುವವರ ಕಣ್ಣಿಗೆ ಹೆಚ್ಚು ಪರಿಚಯ ಇರುವುದು ಸಣ್ಣಕ್ಷರದ್ದು. ಸಣ್ಣಕ್ಷರದಲ್ಲಿ ಗೊತ್ತಿದ್ದ ಪದವೂ ದೊಡ್ಡಕ್ಷರದಲ್ಲಿ ಅಪರಿಚಿತ ಅನಿಸಬಹುದು. ರಾಜರು, ಋಷಿಗಳು ಆಡುವ ಇಂಗ್ಲಿಷೂ ಸ್ವಲ್ಪ ಗತ್ತಿನದು. ಒಂದು ಪುಟ ಓದಿಸಿ ನೋಡಿ, ತೊಂದರೆ ಇಲ್ಲದಿದ್ದರೆ ಧಾರಾಳವಾಗಿ ಕೊಡಿ.

ಇನ್ನು, ಬ್ರಿಟನ್ ಅಮೆರಿಕದ ಏಳೆಂಟು ವರ್ಷದ ಮಕ್ಕಳಿಗೆ ಬರೆದ ಪುಸ್ತಕಗಳು. ಅಂಗಡಿಯವರು ಮೊದಲು ತೋರಿಸುವುದೇ ಇವನ್ನು. ಸುಲಭ ಅನಿಸುತ್ತವೆ, ಸುಲಭ ಇರುವುದಿಲ್ಲ. ಆ ಮಕ್ಕಳಿಗೆ ಹುಟ್ಟಿದಾಗಿನಿಂದ ಇಂಗ್ಲಿಷ್ ಕಿವಿಗೆ ಬಿದ್ದಿರುತ್ತದೆ. ‘ಗಾನಾ’, ‘ವಾನಾ’ (‘ಗೋಯಿಂಗ್ ಟು’, ‘ವಾಂಟ್ ಟು’ಗಳ ಆಡುರೂಪ), ಸ್ಕೂಲು ಮಕ್ಕಳ ಬೈಗುಳ, ಹೆಸರೇ ಕೇಳದ ತಿಂಡಿಗಳು, ಎಲ್ಲ ಬರುತ್ತವೆ. ನಮ್ಮವರಿಗೆ ವ್ಯಾಕರಣ ಗೊತ್ತು, ಆಡುಮಾತು ಗೊತ್ತಿಲ್ಲ. ಆ ಮಕ್ಕಳದು ತದ್ವಿರುದ್ಧ. ಸ್ಕಾಟ್ಲೆಂಡಿನಲ್ಲಿ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ ಅನ್ನುವ ಪ್ರಕಾಶನ 1998ರಿಂದ ಹೈ-ಲೋ ಪುಸ್ತಕಗಳನ್ನೇ ತರುತ್ತಿದೆ. ಹದಿವಯಸ್ಸಿನವರ ಕತೆ, ಬಿಡಿಬಿಡಿಯಾದ ಅಕ್ಷರ, ತುಸು ಹಳದಿ ಛಾಯೆಯ ಕಾಗದ, ಚಿಕ್ಕ ಅಧ್ಯಾಯ. ಅವು ಕೂಡ ಇಂಗ್ಲಿಷ್ ಮಾತಾಡುವ ಮಕ್ಕಳಿಗೇ ಬರೆದವು. ನಿಮ್ಮ ಪಿಯುಸಿ ಹುಡುಗಿಗೆ ಇಂಗ್ಲಿಷ್ ಮಾತು ಅರ್ಥವಾಗುತ್ತದೆ, ಓದುವುದು ಮಾತ್ರ ಕಷ್ಟ ಅಂತಿದ್ದರೆ ಕೊಡಿ.

ಕೊಳ್ಳಬಾರದ್ದು ಏನು?

ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ ‘ಅಬ್ರಿಡ್ಜ್ಡ್’ ಕ್ಲಾಸಿಕ್‌ಗಳು. ಅಬ್ರಿಡ್ಜ್ಡ್ ಎಂದರೆ ಉದ್ದ ಕಡಿಮೆ ಮಾಡಿದ್ದು, ಭಾಷೆ ಸುಲಭ ಮಾಡಿದ್ದಲ್ಲ. ನೂರೈವತ್ತು ವರ್ಷದ ಹಿಂದಿನ ವಾಕ್ಯಗಳೇ ಅಲ್ಲಿರುತ್ತವೆ, ಜೊತೆಗೆ ನಡುನಡುವೆ ಕತ್ತರಿಸಿರುವುದರಿಂದ ಕತೆಯ ಕೊಂಡಿಯೂ ತಪ್ಪಿರುತ್ತದೆ. ಬೇಕಾದ್ದು ‘ಸಿಂಪ್ಲಿಫೈಡ್’ ಅಥವಾ ‘ರೀಟೋಲ್ಡ್’ ಅಂತ ಬರೆದಿರುವುದು.

30 ದಿನದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕಗಳು. ಅವು ಓದುವ ಪುಸ್ತಕಗಳೇ ಅಲ್ಲ. ಮೂವತ್ತೊಂದನೇ ದಿನ ನೋಡಿದವರನ್ನು ನಾನಂತೂ ಕಂಡಿಲ್ಲ.

ಇಂಗ್ಲಿಷ್ ಪೇಪರ್. ದಿನಾ ಪೇಪರ್ ಓದು ಅಂತ ಎಲ್ಲ ಮೇಷ್ಟ್ರೂ ಹೇಳುತ್ತಾರೆ. ಹೊಸಬರಿಗೆ ಇದು ಕೆಟ್ಟ ಸಲಹೆ. ತಲೆಬರಹಗಳಿಗೆ ಅವುಗಳದ್ದೇ ವ್ಯಾಕರಣ. ‘ಸಿಎಂ ಟು ವಿಸಿಟ್ ಮೈಸೂರು’ ಅಂದರೆ ಮುಂದೆ ಹೋಗಲಿದ್ದಾರೆ ಅಂತ. ಸ್ಕೂಲಿನಲ್ಲಿ ಕಲಿತ ‘ವಿಲ್’ ಎಲ್ಲೂ ಕಾಣುವುದಿಲ್ಲ. ಕ್ರಿಕೆಟ್ ಪುಟ ಇನ್ನೂ ಕಷ್ಟ, ವರದಿಗಾರರೆಲ್ಲ ಅಲ್ಲಿ ಕವಿಗಳಾಗಿಬಿಡುತ್ತಾರೆ.

ಆರ್. ಕೆ. ನಾರಾಯಣ್ ಅವರ ಮಾಲ್ಗುಡಿ ಕತೆಗಳನ್ನೂ ಅನೇಕರು ಸೂಚಿಸುತ್ತಾರೆ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ಸೀರಿಯಲ್ ನೋಡಿದವರಿಗೆ ಕತೆ ಗೊತ್ತಿರುತ್ತದೆ, ಅದು ದೊಡ್ಡ ಅನುಕೂಲ. ಆದರೆ ನಾರಾಯಣ್ ಸರಳವಾಗಿ ಬರೆದರೂ ವ್ಯಂಗ್ಯ ಒಳಗೇ ಅಡಗಿರುತ್ತದೆ. 1400 ಪದದ ಮಟ್ಟ ದಾಟಿದ ಮೇಲೆ ಕೊಡಿ.

5. ಬೆಂಗಳೂರಿನಲ್ಲಿ ಎಲ್ಲಿ?

ಚರ್ಚ್ ಸ್ಟ್ರೀಟಿನಿಂದ ಶುರು ಮಾಡಿ. ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹೊಸದರ ಜೊತೆ ಸೆಕೆಂಡ್ ಹ್ಯಾಂಡ್ ಪುಸ್ತಕ ಇವೆ. ಅಂಗಡಿಯ ಹೆಸರೂ ಆಕ್ಸ್‌ಫರ್ಡ್ ಮಾಲೆಯ ಹೆಸರೂ ಒಂದೇ ಥರ ಇರುವುದು ಕಾಕತಾಳೀಯ, ಗೊಂದಲ ಮಾಡಿಕೊಳ್ಳಬೇಡಿ. ಗ್ರೇಡೆಡ್ ರೀಡರ್‌ಗಳನ್ನು ಕಾದಂಬರಿ ವಿಭಾಗದಲ್ಲಿ ಹುಡುಕಿ ಸಿಗಲಿಲ್ಲ ಅಂತ ವಾಪಸ್ ಬರುವವರೇ ಜಾಸ್ತಿ. ‘ಇಎಲ್‌ಟಿ’ ಕಪಾಟು ಎಲ್ಲಿದೆ ಅಂತ ಕೇಳಿ. ಇಂಗ್ಲಿಷ್ ಭಾಷೆ ಕಲಿಸುವ ಪುಸ್ತಕಗಳಿಗೆ ಅಂಗಡಿಯವರು ಹೇಳುವ ಹೆಸರು ಅದು. ಅಲ್ಲಿಲ್ಲದಿದ್ದರೆ ಡಿಕ್ಷನರಿಗಳ ಪಕ್ಕ, ಅಲ್ಲೂ ಇಲ್ಲದಿದ್ದರೆ ಮಕ್ಕಳ ವಿಭಾಗದ ಮೂಲೆಯಲ್ಲಿ ನೋಡಿ.

ಮೆಜೆಸ್ಟಿಕ್ ಹತ್ತಿರ ಇರುವವರು ಗಾಂಧಿನಗರದ ಸಪ್ನಾಗೆ ಹೋಗಿ. ಅಲ್ಲೂ ಇದೇ ಪ್ರಶ್ನೆ ಕೇಳಿ. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳು ಮುಖ್ಯವಾಗಿ ಪಠ್ಯಪುಸ್ತಕ, ಪರೀಕ್ಷೆ ಪುಸ್ತಕಗಳದ್ದು. ಅದೃಷ್ಟ ಇದ್ದರೆ ಅಲ್ಲಿ ಒಂದೆರಡು ಗ್ರೇಡೆಡ್ ರೀಡರ್ ಸಿಕ್ಕಾವು, ಅದನ್ನೇ ನಂಬಿ ಹೋಗಬೇಡಿ. ಸೆಕೆಂಡ್ ಹ್ಯಾಂಡ್ ಕೊಂಡರೆ ಹಿಂದಿನ ಓದುಗರು ಪ್ರತಿ ಸಾಲಿನ ಮೇಲೆ ಅರ್ಥ ಗೀಚಿದ್ದಾರಾ ನೋಡಿಕೊಳ್ಳಿ. ಅಂಥ ಪುಸ್ತಕದಲ್ಲಿ ಕಣ್ಣು ಬರೀ ಗೀಚಿದ್ದರ ಮೇಲೇ ಹೋಗುತ್ತದೆ.

ಸಾರ್ವಜನಿಕ ಗ್ರಂಥಾಲಯ ಮರೆಯಬೇಡಿ. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿಯೇ ಇರುತ್ತದೆ, 1965ರ ಕಾಯ್ದೆಯ ಪ್ರಕಾರ. ಅಂದಮೇಲೆ ಬಳಸಿಕೊಳ್ಳಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಎಲ್ಲರಿಗೂ ಗೊತ್ತು. ನಿಮ್ಮ ಬಡಾವಣೆಯ ಶಾಖೆಯಲ್ಲೂ ಒಮ್ಮೆ ವಿಚಾರಿಸಿ. ದೊಡ್ಡವರ ಸುಲಭ ಇಂಗ್ಲಿಷಿಗೆ ಅಂತ ಬೇರೆ ಕಪಾಟು ಇರುವುದು ಅಪರೂಪ, ಮಕ್ಕಳ ವಿಭಾಗದಲ್ಲಿ ನೀವೇ ಕೈಯಾಡಿಸಬೇಕು. ಹೋಗುವ ಮೊದಲು ವಾರದ ರಜೆ ಯಾವತ್ತು ಅಂತ ತಿಳಿದುಕೊಳ್ಳಿ.

ಎಲ್ಲೇ ಆಗಲಿ, ಒಂದೇ ಪುಸ್ತಕ ತರಬೇಡಿ. ಒಂದೇ ಮಟ್ಟದ ಮೂರು ಬೇರೆ ಬೇರೆ ಬಗೆಯ ಪುಸ್ತಕ ತನ್ನಿ. ಎರಡು ರುಚಿಸದಿದ್ದರೂ ಮೂರನೆಯದು ಉಳಿಯುತ್ತದೆ. ‘7+’ ಅಂತ ವಯಸ್ಸಿನ ಚೀಟಿ ಅಂಟಿಸಿದ್ದರೆ ಮನೆಗೆ ತರುವ ಮೊದಲೇ ಕಿತ್ತುಬಿಡಿ.

6. ಓದಿಸುವ ಕ್ರಮ

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಆದರೆ ದಿನಾ ಇರಲಿ.

ಸಾಧ್ಯವಾದರೆ ಕೇಳುತ್ತಾ ಓದಲಿ. ಗ್ರೇಡೆಡ್ ರೀಡರ್‌ಗಳಲ್ಲಿ ಹಲವಕ್ಕೆ ಆಡಿಯೋ ಇದೆ, ಸ್ಟೋರಿವೀವರ್‌ನಲ್ಲೂ ಕೆಲವು ಕತೆಗಳನ್ನು ಧ್ವನಿಯ ಜೊತೆ ಓದಬಹುದು. ನಮಗೆ ಇದು ತುಂಬಾ ಮುಖ್ಯ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಕೆ-ಎನ್-ಐ-ಜಿ-ಎಚ್-ಟಿ ಅಂತ ಆರು ಅಕ್ಷರ ಬರೆದು ‘ನೈಟ್’ ಅನ್ನಬೇಕು. ಆರಕ್ಕೂ ಉಚ್ಚಾರ ಕೊಡಲು ಹೋಗಿ ಸುಸ್ತಾಗುವವರಿಗೆ ಆಡಿಯೋ ಆ ಹೊರೆಯನ್ನು ಇಳಿಸುತ್ತದೆ. ಎಷ್ಟೋ ಸಲ ಬಾಯಿಗೆ ಪರಿಚಯವಿದ್ದ ಪದವನ್ನೇ ಕಣ್ಣು ಗುರುತಿಸಿರುವುದಿಲ್ಲ. ಧ್ವನಿ ಕೇಳಿದ ಕೂಡಲೇ “ಓ, ಇದಾ!” ಅನ್ನುತ್ತಾರೆ.

ಪ್ರತಿ ಪದಕ್ಕೂ ಡಿಕ್ಷನರಿ ತೆರೆಯಲು ಬಿಡಬೇಡಿ. ಒಂದು ಪದ ಮೂರು ಸಲ ಬಂದು, ಮೂರನೇ ಸಲವೂ ಅರ್ಥವಾಗದಿದ್ದರೆ ಮಾತ್ರ ನೋಡಲಿ. ಗೂಗಲ್ ಲೆನ್ಸ್ ಹಿಡಿದು ಇಡೀ ಪುಟವನ್ನು ಕನ್ನಡಕ್ಕೆ ತಿರುಗಿಸುವ ಚಾಳಿ ಹತ್ತಿದರೆ ಮಾತ್ರ ಕಷ್ಟ. ಆಮೇಲೆ ಇಂಗ್ಲಿಷ್ ಓದುವುದೇ ಇಲ್ಲ, ಕೆಟ್ಟ ಕನ್ನಡ ಓದುತ್ತಾರೆ. ಒಂದೊಂದು ಪದಕ್ಕೆ ಬಳಸಲಿ, ಅಷ್ಟೇ.

ಪುಸ್ತಕದ ಕೊನೆಯಲ್ಲಿ ಪ್ರಶ್ನೋತ್ತರ, ಬಿಟ್ಟ ಸ್ಥಳ ತುಂಬಿ ಇರುತ್ತವೆ. ಅವನ್ನು ಬಿಟ್ಟುಬಿಡಿ. ಪರೀಕ್ಷೆ ವಾಸನೆ ಬಂದ ಕೂಡಲೇ ಪುಸ್ತಕ ಮತ್ತೆ ಪಠ್ಯಪುಸ್ತಕ ಆಗಿಬಿಡುತ್ತದೆ. ರಾತ್ರಿ ಊಟದ ಹೊತ್ತಿಗೆ “ಆ ಡಾಕ್ಟರ್ ಸಿಕ್ಕಿಬಿದ್ದನಾ?” ಅಂತ ಕೇಳಿ, ಕನ್ನಡದಲ್ಲೇ. ತಪ್ಪು ತಿದ್ದಲು ಹೋಗಬೇಡಿ. ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕೂ ಅವರಿಗಿರಲಿ, ದುಡ್ಡು ಕೊಟ್ಟು ತಂದದ್ದು ಅಂತ ನೆನಪಿಸಬೇಡಿ.

7. ಮುಂದಿನ ಮಟ್ಟಕ್ಕೆ ಯಾವಾಗ?

ಒಂದೇ ಮಟ್ಟದಲ್ಲಿ ನಾಲ್ಕೈದು ಪುಸ್ತಕ ಮುಗಿದ ಮೇಲೆ ಚುಕ್ಕೆ ಪರೀಕ್ಷೆಯನ್ನು ಮೇಲಿನ ಮಟ್ಟದ ಪುಸ್ತಕದಲ್ಲಿ ಮಾಡಿ ನೋಡಿ. 2ಕ್ಕಿಂತ ಹೆಚ್ಚು ಚುಕ್ಕೆ ಬಿದ್ದರೆ ಇನ್ನೂ ಒಂದೆರಡು ಪುಸ್ತಕ ಇಲ್ಲೇ ಓದಲಿ, ಅವಸರ ಏನಿದೆ? ಮೇಲೇರಿದ ಮೇಲೂ ನಡುವೆ ಒಮ್ಮೊಮ್ಮೆ ಕೆಳಗಿನ ಮಟ್ಟದ ಪುಸ್ತಕ ಕೈಗೆತ್ತಿಕೊಳ್ಳಬಹುದು, ಓದುವ ವೇಗ ಹೆಚ್ಚುವುದೇ ಹಾಗೆ.

1000 ಪದದ ಮಟ್ಟ ದಾಟಿದವರಿಗೆ ಪೇಪರ್ ಕೊಡಬಹುದು. ಮೊದಲ ಪುಟ ಬಿಡಿ, ಓದುಗರ ಪತ್ರಗಳಿಂದ ಶುರು ಮಾಡಿಸಿ. ಪತ್ರ ಚಿಕ್ಕದಾಗಿರುತ್ತದೆ. ವಿಷಯವಂತೂ ರಸ್ತೆ ಗುಂಡಿ, ಕಸ, ಟ್ರಾಫಿಕ್, ನೀರು. ಬೆಂಗಳೂರಿನವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ.